ಬೇರೆ ಬೇರೆ ಜಿಲ್ಲೆಗಳ ಯುವಕ ಮಂಡಲಗಳು ಸೇರಿ ರಾಜ್ಯಮಟ್ಟದ ಒಕ್ಕೂಟ ಕಟ್ಟುವುದು ಹೇಗೆ?

ನಿಮ್ಮ ಕರಾವಳಿಯಿಂದ ರಾಯಚೂರಿನವರೆಗೆ ಹನ್ನೆರಡು ಮಂಡಲಗಳು, ನಾಲ್ಕೂ ಕಂದಾಯ ವಿಭಾಗಗಳಿಂದ ಪ್ರತಿನಿಧಿಗಳು, ಒಂದು ಬೈಲಾ, ಒಂದು ಸಾಮಾನ್ಯ ನಿಧಿ, ಚಟುವಟಿಕೆ ಆಮೇಲೆ. ನೀವು ಬರೆದಿರುವ ಈ ಕ್ರಮ ನನಗೆ ಚೆನ್ನಾಗಿ ಗೊತ್ತು. ನಾನು ಕಾರ್ಯದರ್ಶಿಯಾಗಿದ್ದ ಒಕ್ಕೂಟವೂ ಹೀಗೇ ಹುಟ್ಟಿತ್ತು, ಸಾಮಾನ್ಯ ನಿಧಿಯ ಹತ್ತಿರವೇ ನಿಂತುಹೋಯಿತು. ಹಾಗಾಗಿ ನೋಂದಣಿ ಹೇಗೆ ಎಂದು ಕೇಳಿದ್ದಕ್ಕೆ ನನ್ನ ಉತ್ತರ: ಈಗ ನೋಂದಣಿ ಮಾಡಿಸಬೇಡಿ.

ನಿಧಿಯ ವಿಚಾರ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಅಲ್ಲಿಯೇ. ಹೊಸ ಒಕ್ಕೂಟಕ್ಕೆ ನೋಂದಣಿ ಪತ್ರ ಇರುವುದಿಲ್ಲ, ಪ್ಯಾನ್ ಇರುವುದಿಲ್ಲ, ಖಾತೆ ತೆರೆಯಲಾಗುವುದಿಲ್ಲ. 'ಸದ್ಯಕ್ಕೆ ನಿಮ್ಮ ಮಂಡಲದ ಖಾತೆಗೇ ಹಾಕೋಣ' ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಹಾಕಿದ ದಿನದಿಂದ ಆ ಹಣ ಆ ಮಂಡಲದ ಜಮೆಯಾಗುತ್ತದೆ. ವರ್ಷದ ಕೊನೆಗೆ ಲೆಕ್ಕಪರಿಶೋಧಕರು ಅದನ್ನು ಆ ಮಂಡಲದ ಆದಾಯವೆಂದೇ ಬರೆಯುತ್ತಾರೆ. ಅದನ್ನು ಬೇರೆ ಊರಿನ ಕಾರ್ಯಕ್ರಮಕ್ಕೆ ಖರ್ಚು ಮಾಡಿದರೆ ಮಹಾಸಭೆಯಲ್ಲಿ ಸ್ವಂತ ಸದಸ್ಯರೇ ಎದ್ದು ನಿಂತು ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ. ಇಷ್ಟರಲ್ಲಿ ಪದಾಧಿಕಾರಿಗಳ ಅವಧಿ ಮುಗಿದು ಚುನಾವಣೆ ಬರುತ್ತದೆ. ಹೊಸ ಅಧ್ಯಕ್ಷ, ಹೊಸ ಕೋಶಾಧಿಕಾರಿ. ಸಹಿ ಬದಲಾಯಿಸಲು ಬ್ಯಾಂಕಿನವರು ನಡಾವಳಿ ಪುಸ್ತಕದ ನಿರ್ಣಯದ ಪ್ರತಿ ಕೇಳುತ್ತಾರೆ, ಹೊಸ ಪದಾಧಿಕಾರಿಗಳ ಪಟ್ಟಿ ಕೇಳುತ್ತಾರೆ, ಪ್ರತಿಯೊಬ್ಬರ ಗುರುತಿನ ದಾಖಲೆ ಕೇಳುತ್ತಾರೆ. ಅದೆಲ್ಲ ಮುಗಿಯುವವರೆಗೆ ಚೆಕ್ ನಡೆಯುವುದಿಲ್ಲ. ಒಂದು ಮಂಡಲದ ಒಳಗಿನ ಈ ಸಣ್ಣ ವಿಳಂಬಕ್ಕೆ ಉಳಿದ ಹನ್ನೊಂದು ಮಂಡಲಗಳ ಹಣ ಸಿಕ್ಕಿಬೀಳುತ್ತದೆ. ಯಾರೂ ಒಂದು ರೂಪಾಯಿ ತಿಂದಿರುವುದಿಲ್ಲ, ಆದರೆ ದೂರದ ಊರಿನಲ್ಲಿ ಕುಳಿತವರಿಗೆ ಹಾಗೆ ಕಾಣುವುದಿಲ್ಲ. ಅಧ್ಯಕ್ಷರ ಸ್ವಂತ ಫೋನ್‌ಪೇ ನಂಬರಿಗೆ ಹಾಕಿಸಿಕೊಳ್ಳುವುದು ಇದಕ್ಕಿಂತ ಕೆಟ್ಟದ್ದು.

ಪರಿಹಾರ ಸರಳ. ಮಂಡಲದಿಂದ ಮಂಡಲಕ್ಕೆ ಹಣ ದಾಟಲೇಬಾರದು. ಒಂದು ಮಂಡಲ ಇನ್ನೊಂದನ್ನು ತನ್ನೂರಿನ ಶಿಬಿರಕ್ಕೆ ಕರೆದಾಗ, ಬರುವವರು ಪ್ರಯಾಣದ ಖರ್ಚು ನೋಡಿಕೊಳ್ಳಲಿ, ಕರೆದವರು ಊಟ, ವಸತಿ, ಕೆಲಸದ ಸಾಮಾನು ನೋಡಿಕೊಳ್ಳಲಿ. ಅವರವರ ರಸೀದಿ ಪುಸ್ತಕ, ಅವರವರ ಲೆಕ್ಕ. ಮುಂದಿನ ಸಲ ಸರದಿ ತಿರುಗುತ್ತದೆ, ಕೊಡು-ಕೊಳ್ಳುವ ಬಾಕಿಯೇ ಉಳಿಯುವುದಿಲ್ಲ.

ವಿದೇಶದ ಕನ್ನಡ ಸಂಘವೊಂದು ನೆರವು ಕೊಡಲು ಮುಂದೆ ಬಂದಿದೆ ಎಂದೂ ಬರೆದಿದ್ದೀರಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿಯ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ಆ ಹಣ ಮುಟ್ಟಬೇಡಿ. ಹೊರದೇಶದ ಸಂಘದ ಹಣ ವಿದೇಶಿ ದೇಣಿಗೆ. ಅಲ್ಲಿರುವ ವ್ಯಕ್ತಿ ಭಾರತೀಯ ಪ್ರಜೆಯಾಗಿಯೇ ಇದ್ದು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಆ ದೇಶದ ಪೌರತ್ವ ಪಡೆದವರು ಕಳಿಸಿದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. 2020ರ ತಿದ್ದುಪಡಿಯ ನಂತರ, ನೋಂದಣಿ ಇರುವ ಸಂಸ್ಥೆ ಕೂಡ ಹೀಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಅಂದರೆ 'ಒಕ್ಕೂಟಕ್ಕೆ ಬರಲಿ, ಆಮೇಲೆ ಹಂಚೋಣ' ಎಂಬ ಯೋಜನೆ ಕಾನೂನಿನಲ್ಲೇ ನಡೆಯುವುದಿಲ್ಲ.

ಹನ್ನೆರಡನ್ನು ಬಿಟ್ಟು ಎರಡರಿಂದ ಶುರು ಮಾಡಿ. ಜೋಡಿ ಹುಡುಕುವಾಗ 'ಸರ್ವಾಂಗೀಣ ಅಭಿವೃದ್ಧಿ'ಯಂಥ ಗುರಿ ಬೇಡ, ಇಬ್ಬರ ಕೈಗೂ ಸಿಗುವ ಒಂದೇ ಆಸಕ್ತಿ ಸಾಕು. ನಿಮ್ಮಲ್ಲಿ ಯಕ್ಷಗಾನ ಕಲಿತ ಹುಡುಗರಿದ್ದರೆ ದೊಡ್ಡಾಟ ಆಡುವ ಊರಿನ ಸಂಘ ಹುಡುಕಿ. ಕಬಡ್ಡಿಯಾದರೆ ಕಬಡ್ಡಿ, ಕೆರೆ ಕೆಲಸವಾದರೆ ಕೆರೆ. ಆಸಕ್ತಿ ಒಂದೇ ಆಗಿದ್ದರೆ ಭಾಷೆಯ ಧಾಟಿ ಬೇರೆಯಾದರೂ ಮೊದಲ ಸಂಜೆಯೇ ಮಾತು ಹತ್ತುತ್ತದೆ. ಸಂಘಗಳ ಪರಿಚಯಕ್ಕೆ ಹಿಂದೆ ಜಿಲ್ಲಾ ನೆಹರು ಯುವ ಕೇಂದ್ರಕ್ಕೆ ಹೋಗುತ್ತಿದ್ದರು. ಈಗ 2023ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಯುವಜನರ ವೇದಿಕೆ ಮೈ ಭಾರತ್ ಇದೆ, ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯೂ ಇದೆ.

ತಾರೀಕು ಗೊತ್ತುಮಾಡುವುದರಲ್ಲಿ ನನ್ನದು ಒಂದೇ ಪಟ್ಟು: ಹೋಗುವವರ ಬಿಡುವು ನೋಡಿ, ಕರೆಯುವವರದ್ದಲ್ಲ. ಮೂರು ದಿನದ ಶಿಬಿರಕ್ಕೆ ಹೋಗುವವರಿಗೆ ಪ್ರಯಾಣವೂ ಸೇರಿ ಐದು ದಿನ ಕೆಲಸ ತಪ್ಪುತ್ತದೆ. ಊರಲ್ಲೇ ಇರುವವರು ಬೆಳಿಗ್ಗೆ ತೋಟ ನೋಡಿ ಬರಬಹುದು. ರಾಯಚೂರು ಕಡೆಯವರಿಗೆ ನವೆಂಬರಿನಿಂದ ಜನವರಿವರೆಗೆ ಹತ್ತಿ ಬಿಡಿಸುವುದು, ತೊಗರಿ ಕೊಯ್ಲು, ಆಮೇಲೆ ಹಿಂಗಾರಿ ಜೋಳ. ಅವರು ಕರಾವಳಿಗೆ ಬರುವುದಿದ್ದರೆ ಯುಗಾದಿ ಕಳೆದ ಮೇಲೆ. ನಿಮ್ಮವರು ಅಲ್ಲಿಗೆ ಹೋಗುವುದಿದ್ದರೆ ಅಡಿಕೆಗೆ ಎರಡನೇ ಸಲ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆದು ಮುಗಿದು, ಕೊಯ್ಲು ಇನ್ನೂ ಶುರುವಾಗದ ಸೆಪ್ಟೆಂಬರ್-ಅಕ್ಟೋಬರ್. ದಸರಾ ರಜೆ ಸಿಕ್ಕಿದರೆ ವಿದ್ಯಾರ್ಥಿಗಳೂ ಬರುತ್ತಾರೆ. ಮಾರ್ಚ್ ಪೂರ್ತಿ ಪರೀಕ್ಷೆಯ ತಿಂಗಳು, ಬಿಟ್ಟುಬಿಡಿ. ಎರಡೂ ಊರಿನ ಜಾತ್ರೆ, ನೇಮ, ಉರುಸಿನ ತಾರೀಕುಗಳನ್ನು ಮೊದಲೇ ಬರೆಸಿಕೊಳ್ಳಿ.

ತಂಡ 20 ಜನರಿಗಿಂತ ಹೆಚ್ಚು ಬೇಡ. ಅದಕ್ಕಿಂತ ಹೆಚ್ಚಾದರೆ ಮನೆಗಳಲ್ಲಿ ಉಳಿಸಲಾಗದೆ ಶಾಲೆಯ ಕೋಣೆಯಲ್ಲಿ ಮಲಗಿಸಬೇಕಾಗುತ್ತದೆ, ಅಲ್ಲಿಗೆ ಬಂದವರು ಬಂದವರ ಜೊತೆಗೇ, ಊರಿನವರು ಊರಿನವರ ಜೊತೆಗೇ. ಮನೆಗೆ ಇಬ್ಬರಂತೆ ಹತ್ತು ಮನೆ ಸಾಕು. ರೈಲಿನಲ್ಲಿ ಒಂದು ಟಿಕೆಟಿಗೆ 6 ಜನ ಮಾತ್ರ, ಆದ್ದರಿಂದ ನಾಲ್ಕು ಟಿಕೆಟ್ ಬೇಕು. ಬುಕಿಂಗ್ ತೆರೆಯುವುದು 60 ದಿನ ಮೊದಲು. ಯುವತಿ ಮಂಡಲಗಳಿಗೆ ಶಕ್ತಿ ಯೋಜನೆಯಿಂದ ರಾಜ್ಯದ ಒಳಗೆ ಪ್ರಯಾಣದ ಖರ್ಚೇ ಇಲ್ಲ. ಸಾಮಾನ್ಯ ಬಸ್ಸು, ವೇಗದೂತ ಆಗಬೇಕು; ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಅನ್ವಯಿಸುವುದಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ದುಡ್ಡಿಲ್ಲವೆಂದು ದೂರದ ಶಿಬಿರಕ್ಕೆ ಯುವತಿಯರನ್ನು ಬಿಟ್ಟುಹೋಗುವ ನೆಪ ಇನ್ನು ನಡೆಯಬಾರದು. ನಿಮ್ಮ ಹನ್ನೆರಡರ ಪಟ್ಟಿಯಲ್ಲಿ ಒಂದೂ ಯುವತಿ ಮಂಡಲ ಕಾಣಲಿಲ್ಲ, ಅದು ನನಗೆ ಸರಿಕಾಣಲಿಲ್ಲ. 18 ತುಂಬದವರಿದ್ದರೆ ಹುಡುಗರಾಗಲಿ ಹುಡುಗಿಯರಾಗಲಿ ಪಾಲಕರ ಸಹಿ ಇರುವ ಒಪ್ಪಿಗೆ ಪತ್ರ ಬೇಕೇ ಬೇಕು.

ಊಟವನ್ನು ಹಗುರವಾಗಿ ನೋಡಬೇಡಿ. ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಮೂರು ಹೊತ್ತೂ ಕುಚಲಕ್ಕಿ ಅನ್ನ ಬಡಿಸಿದರೆ ಎರಡನೇ ದಿನ ಕೆಲಸಕ್ಕೆ ಕೈ ಏಳುವುದಿಲ್ಲ, ಹೇಳಲೂ ಸಂಕೋಚ. ಬರುವಾಗ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತರಲು ಮೊದಲೇ ಹೇಳಿ, ಅದು ಹಾಳಾಗುವುದಿಲ್ಲ. ನೀವು ಬೆಳ್ತಿಗೆ (ಬಿಳಿ ಅಕ್ಕಿ) ಅನ್ನವನ್ನೂ ಮಾಡಿ. ಊರಿನವರೂ ಸೇರಿ 40 ಜನರಾದರೆ ಒಂದು ಹೊತ್ತಿಗೆ 5 ಕಿಲೋ ಅಕ್ಕಿ ಸರಿಹೋಗುತ್ತದೆ, ಶ್ರಮದಾನದ ದಿನ ಮಧ್ಯಾಹ್ನಕ್ಕೆ ಒಂದು ಕಿಲೋ ಹೆಚ್ಚು ಹಾಕಿ.

ಸಂಪರ್ಕಕ್ಕೆ ಅಧ್ಯಕ್ಷರನ್ನು ಇಡಬೇಡಿ, ಚುನಾವಣೆಯಾದರೆ ಅವರು ಬದಲಾಗುತ್ತಾರೆ. ಪದಾಧಿಕಾರಿಗಳಲ್ಲದ, ಇನ್ನೆರಡು ವರ್ಷ ಊರಲ್ಲೇ ಇರುವ ಇಬ್ಬರನ್ನು ಆಯಾ ಮಂಡಲ ನಿರ್ಣಯ ಬರೆದು ನೇಮಿಸಲಿ. ಒಪ್ಪಂದ ಒಂದು ಹಾಳೆ ಮೀರಬಾರದು: ತಾರೀಕು, ಜನ, ಯಾವ ಕೆಲಸ, ಯಾವ ಖರ್ಚು ಯಾರದ್ದು, ಯಾರಿಗಾದರೂ ಪೆಟ್ಟಾದರೆ ಯಾವ ಆಸ್ಪತ್ರೆಗೆ ಯಾರ ಗಾಡಿಯಲ್ಲಿ. ಅದರಲ್ಲೇ ಮರುಭೇಟಿಯ ತಿಂಗಳನ್ನೂ ಬರೆಯಿರಿ. ಮರುಭೇಟಿ ಗೊತ್ತಾಗದ ಶಿಬಿರ ಬರೀ ಪ್ರವಾಸ.

ಎರಡು ಸುತ್ತು ಹೀಗೆ ಹೋಗಿ ಬಂದ ಮೇಲೂ ಒಕ್ಕೂಟ ಬೇಕೆನಿಸಿದರೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ 7 ಜನರಿದ್ದರೆ ನೋಂದಾಯಿಸಬಹುದು. ಪ್ರತಿ ವರ್ಷ ಮಹಾಸಭೆಯಾದ ಮೇಲೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕು. ಆ ಕೆಲಸ ಮಾಡುವ ಹುಡುಗ ಅಥವಾ ಹುಡುಗಿ ಯಾರೆಂದು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಅರ್ಜಿ ಹಾಕಿ.