‘ಚಿನಕುರುಳಿ’ ಎಂದರೆ ಬರೀ ಪಟಾಕಿಯೇ?

ಚಟಪಟ ಮಾತನಾಡುವ ಹುಡುಗಿಯನ್ನು ‘ಚಿನಕುರುಳಿ’ ಎನ್ನುವುದೇಕೆ, ಅದು ಬೈಗುಳವೇ ಎಂದು ಕೇಳಿದ್ದೀರಿ. ಬೈಗುಳವಲ್ಲ. ‘ಪಟಾಕಿ’ ಎಂಬುದು ಸಿಡಿಮದ್ದಿಗೆಲ್ಲ ಸಲ್ಲುವ ಸಾಮಾನ್ಯ ಹೆಸರಾದರೆ, ‘ಚಿನಕುರುಳಿ’ ಎಂಬುದು ಬೆರಳಿಗಿಂತ ಸಣ್ಣದಾದ, ಬತ್ತಿಗಳನ್ನು ಜಡೆಯಂತೆ ಹೆಣೆದು ಸರವಾಗಿಸಿದ, ಕಿಡಿ ತಾಗಿದೊಡನೆ ಒಂದರ ಹಿಂದೊಂದು ಬಿಡುವಿಲ್ಲದೆ ಸಿಡಿಯುವ ಪುಟ್ಟ ಪಟಾಕಿಯ ಹೆಸರು. ಗಾತ್ರದಲ್ಲಿ ಕಿರಿದು, ಸದ್ದಿನಲ್ಲಿ ಚುರುಕು ಎಂಬ ಈ ಎರಡು ಗುಣಗಳೇ ಪದವನ್ನು ಮನುಷ್ಯರಿಗೂ ಅಂಟಿಸಿವೆ. ಆದ್ದರಿಂದಲೇ ಅದನ್ನು ಮಕ್ಕಳಿಗೆ, ಎಳೆಯರಿಗೆ ಅಕ್ಕರೆಯಿಂದ ಹೇಳುತ್ತೇವೆಯೇ ಹೊರತು ಹಿರಿಯರಿಗೆ ಹೇಳುವುದು ಉಚಿತವೆನಿಸುವುದಿಲ್ಲ. ‘ಪ್ರಜಾವಾಣಿ’ಯ ಪುಟ್ಟ ವ್ಯಂಗ್ಯಚಿತ್ರಕ್ಕೂ ಇದೇ ಹೆಸರಿದ್ದು, ಅದು ನನಗೆ ಅತ್ಯಂತ ಸೊಗಸಾದ ಬಳಕೆಯಾಗಿ ಕಾಣುತ್ತದೆ. ‘ಚಿನಕುರಳಿ’ ಎಂಬ ರೂಪವೂ ಬಳಕೆಯಲ್ಲಿದೆ.