ಸರ್ಕಾರ ಮನಸ್ಸು ಮಾಡಿದರೆ ಕ್ರಿಪ್ಟೋ ನಿಷೇಧಿಸಬಹುದಾ?

ಕ್ರಿಪ್ಟೋ ಅಂದರೆ ಕಂಪ್ಯೂಟರ್ ಜಾಲದಲ್ಲಿ ನಡೆಯುವ ಡಿಜಿಟಲ್ ಹಣ, ಅದರಲ್ಲಿ ಹೆಸರಾದದ್ದು ಬಿಟ್‌ಕಾಯಿನ್. ಈ ಬಿಟ್‌ಕಾಯಿನ್ ಜಾಲವನ್ನೇ ನಿಲ್ಲಿಸುವುದು ಒಂದು ಸರ್ಕಾರದ ಕೈಯಲ್ಲಿ ಆಗದ ಮಾತು. ಅದರ ಲೆಕ್ಕ ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೇ ಇರುತ್ತದೆ, ಬೀಗ ಜಡಿಯಲು ಒಂದು ಕಚೇರಿ ಅಂತ ಇಲ್ಲ. ಆದರೆ ರೂಪಾಯಿ ಕೊಟ್ಟು ಕ್ರಿಪ್ಟೋ ಕೊಳ್ಳುವ, ಮಾರಿ ರೂಪಾಯಿ ಮಾಡಿಕೊಳ್ಳುವ ದಾರಿ ಬ್ಯಾಂಕಿನ ಮೂಲಕವೇ ಅಲ್ವಾ? ಸರ್ಕಾರದ ಹಿಡಿತ ಇರುವುದು ಅಲ್ಲಿ.

ನಮ್ಮ ದೇಶದ್ದೇ ನೋಡಿ. ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಬೇಡಿ ಅಂತ 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಕೆಲವು ಎಕ್ಸ್‌ಚೇಂಜ್‌ಗಳು (ಕ್ರಿಪ್ಟೋ ಕೊಂಡು ಮಾರುವ ಆನ್‌ಲೈನ್ ತಾಣಗಳು) ಮುಚ್ಚಿದವು. ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಕೊಳ್ಳುವವರು ಮಾರುವವರ ಖಾತೆಗೆ ನೇರವಾಗಿ ದುಡ್ಡು ಹಾಕತೊಡಗಿದರು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನೇ ರದ್ದು ಮಾಡಿತು.

ಜಾಸ್ತಿ ಬಿಸಿ ಮುಟ್ಟಿಸಿದ್ದು 2022ರ ತೆರಿಗೆ. ಲಾಭದ ಮೇಲೆ 30%, ಜೊತೆಗೆ ಮಾರಾಟದ ಮೊತ್ತದ ಮೇಲೆ 1% ಟಿಡಿಎಸ್, ಅಂದರೆ ದುಡ್ಡು ಕೈಗೆ ಬರುವ ಮೊದಲೇ ಮುರಿದುಕೊಳ್ಳುವ ತೆರಿಗೆ. ಒಂದು ಕಾಯಿನ್‌ನಲ್ಲಿ 1 ಲಕ್ಷ ಗಳಿಸಿ, ಇನ್ನೊಂದರಲ್ಲಿ 1 ಲಕ್ಷ ಕಳೆದುಕೊಂಡರೂ 30 ಸಾವಿರ ಕಟ್ಟಲೇಬೇಕು. ಸಣ್ಣ ಹೂಡಿಕೆದಾರರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಎಷ್ಟೋ ಜನ ವಿದೇಶಿ ಎಕ್ಸ್‌ಚೇಂಜ್‌ಗಳ ಕಡೆ ಹೊರಳಿದರು.

ಚೀನಾ 2021ರಲ್ಲಿ ಪೂರ್ತಿ ನಿಷೇಧ ಹೇರಿತು. ಅಲ್ಲಿನ ಮೈನಿಂಗ್ ಯಂತ್ರಗಳು (ಬಿಟ್‌ಕಾಯಿನ್ ವ್ಯವಹಾರಗಳನ್ನು ಲೆಕ್ಕಕ್ಕೆ ಸೇರಿಸಿ ಹೊಸ ಬಿಟ್‌ಕಾಯಿನ್ ಗಳಿಸುವ ಕಂಪ್ಯೂಟರ್‌ಗಳು) ಅಮೆರಿಕ, ಕಜಕಸ್ತಾನಕ್ಕೆ ಹೋದವು, ಬಿಟ್‌ಕಾಯಿನ್ ಜಾಲ ನಿಲ್ಲದೆ ನಡೆಯಿತು.