‘ಆ್ಯನಿಮಲ್ ಫಾರ್ಮ್’ನ ಕ್ಲೈಮ್ಯಾಕ್ಸ್ ಯಾವುದು?

ಪ್ರಶ್ನೆ: ಶಿರಸಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಜಾರ್ಜ್ ಆರ್ವೆಲ್‌ನ ‘ಆ್ಯನಿಮಲ್ ಫಾರ್ಮ್’ ಕಾದಂಬರಿಯ ಕ್ಲೈಮ್ಯಾಕ್ಸ್ ಗುರುತಿಸಿ ಬರೆಯಬೇಕಿತ್ತು. ಹಂದಿಗಳು ಎರಡು ಕಾಲಲ್ಲಿ ನಡೆಯುವ ಕೊನೆಯ ಅಧ್ಯಾಯ ಎಂದು ಬರೆದೆ. ಕಾರವಾರದಲ್ಲಿ ಓದುವ ನನ್ನ ಅತ್ತೆಯ ಮಗಳು ದನದ ಕೊಟ್ಟಿಗೆಯ ಕಾಳಗ ಎನ್ನುತ್ತಾಳೆ. ಯಾವುದು ಸರಿ?

ಉತ್ತರ: ನನ್ನ ಓದಿನಲ್ಲಿ ಎರಡೂ ಅಲ್ಲ. ಐದನೇ ಅಧ್ಯಾಯದಲ್ಲಿ ಸ್ನೋಬಾಲ್‌ನನ್ನು ಓಡಿಸುವ ಸಭೆಯೇ ಕ್ಲೈಮ್ಯಾಕ್ಸ್. ಮನುಷ್ಯ ಒಡೆಯನನ್ನು ಓಡಿಸಿ ತಮ್ಮನ್ನು ತಾವೇ ಆಳಿಕೊಳ್ಳಲು ಹೊರಟ ಪ್ರಾಣಿಗಳ ಕಥೆಯಿದು; ಸ್ನೋಬಾಲ್, ನೆಪೋಲಿಯನ್ ಅವುಗಳ ಮುಂದಾಳುಗಳಾದ ಎರಡು ಹಂದಿಗಳು.

ಸಿನಿಮಾ ನೋಡಿ ಬೆಳೆದ ನಮಗೆ ಕೊನೆಯ ದೃಶ್ಯವೇ ಕ್ಲೈಮ್ಯಾಕ್ಸ್ ಅನ್ನಿಸುವುದು ಸಹಜ. ಕಾದಂಬರಿಯಲ್ಲಿ ಮೊದಲು ಕೇಳಬೇಕಾದದ್ದು, ಸಂಘರ್ಷ ಯಾರ ಯಾರ ನಡುವೆ? ಆಮೇಲೆ, ಯಾವ ಘಟನೆಯಾದ ಮೇಲೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು? ಸಂಘರ್ಷ ಮನುಷ್ಯರಿಗೂ ಪ್ರಾಣಿಗಳಿಗೂ ನಡುವಿನದು ಎಂದುಕೊಂಡರೆ ಮರಳಿ ಬಂದ ಒಡೆಯನನ್ನು ಪ್ರಾಣಿಗಳು ಎದುರಿಸುವ ಕೊಟ್ಟಿಗೆಯ ಕಾಳಗಕ್ಕೆ ಬೆಲೆ ಬರುತ್ತದೆ. ಆದರೆ ಅದು ನಡೆಯುವುದು ಹತ್ತು ಅಧ್ಯಾಯಗಳ ಪೈಕಿ ನಾಲ್ಕನೆಯದರಲ್ಲಿ, ಗೆದ್ದವರು ಪ್ರಾಣಿಗಳು. ಉಳಿದ ಆರು ಅಧ್ಯಾಯಗಳ ಕಥೆಯನ್ನು ಆ ಗೆಲುವು ವಿವರಿಸುವುದೇ ಇಲ್ಲ. ನಿಜವಾದ ಸಂಘರ್ಷ ಎಲ್ಲರ ಆಳ್ವಿಕೆಗೂ ಒಬ್ಬನ ಆಳ್ವಿಕೆಗೂ ನಡುವಿನದು.

ಈಗ ಐದನೇ ಅಧ್ಯಾಯ ತೆರೆಯಿರಿ. ಗಾಳಿಯಂತ್ರ ಬೇಕೋ ಬೇಡವೋ ಎಂದು ಮತ ಹಾಕುವ ಹೊತ್ತು. ಸ್ನೋಬಾಲ್‌ನ ಮಾತಿಗೆ ಸಭೆ ಒಲಿದಿದೆ. ನೆಪೋಲಿಯನ್ ಎದ್ದು ವಿಚಿತ್ರವಾಗಿ ಒಮ್ಮೆ ಕೀರಲು ದನಿ ಹೊರಡಿಸುತ್ತಾನೆ. ಹಿತ್ತಾಳೆ ಗುಬುಟಿನ ಕೊರಳಪಟ್ಟಿ ತೊಟ್ಟ ಒಂಬತ್ತು ನಾಯಿಗಳು ನುಗ್ಗುತ್ತವೆ. ಮೂರನೇ ಅಧ್ಯಾಯದಲ್ಲಿ ಹಾಲು ಬಿಡಿಸಿದ ಕೂಡಲೇ ನೆಪೋಲಿಯನ್ ತಾಯಂದಿರಿಂದ ಒಯ್ದು ಅಟ್ಟದ ಮೇಲೆ ಸಾಕಿದ ಮರಿಗಳೇ ಅವು. ಸ್ನೋಬಾಲ್ ಬೇಲಿಯ ಕಂಡಿಯಲ್ಲಿ ನುಸುಳಿ ಪಾರಾಗುತ್ತಾನೆ. ಭಾನುವಾರದ ಚರ್ಚೆಗಳು ಅಂದೇ ರದ್ದು. ವಿರೋಧಿಸಿದ ನಾಲ್ಕು ಎಳೆ ಹಂದಿಗಳು ನಾಯಿಗಳ ಗುರ್ ಎಂಬ ದನಿಗೆ ಬಾಯಿ ಮುಚ್ಚುತ್ತವೆ. ದುಡಿಮೆಗಾರ ಕುದುರೆ ಬಾಕ್ಸರ್ ಏನೋ ಹೇಳಬೇಕೆಂದು ಒದ್ದಾಡುತ್ತಾನೆ, ಮಾತು ಹೊಳೆಯುವುದಿಲ್ಲ. ನನಗೆ ಇಡೀ ಪುಸ್ತಕದಲ್ಲಿ ಅತಿ ನೋವಿನ ಸಾಲು ಅದು. ತಾಳಮದ್ದಲೆಯಲ್ಲಿ ಎದುರಿನ ಅರ್ಥಧಾರಿಗೆ ಮಾತಿನ ಸರದಿಯೇ ಇಲ್ಲವಾದರೆ ಏನಾದೀತೋ, ಇಲ್ಲಿ ಆದದ್ದೂ ಅದೇ.

ಜಗಳ ಗಾಳಿಯಂತ್ರದ್ದಾಗಿರಲಿಲ್ಲ ಎಂಬುದಕ್ಕೆ ಪುರಾವೆ ಅದೇ ಅಧ್ಯಾಯದಲ್ಲಿದೆ: ಸ್ನೋಬಾಲ್ ಹೋದ ಮೂರನೇ ಭಾನುವಾರ, ಗಾಳಿಯಂತ್ರ ಕಟ್ಟುತ್ತೇವೆ ಎಂದು ನೆಪೋಲಿಯನ್ನನೇ ಘೋಷಿಸುತ್ತಾನೆ. ಇದನ್ನು ತಪ್ಪದೇ ಬರೆಯಿರಿ.

ಒಂದು ಕಥೆಯ ಮರೆಯಲ್ಲಿ ಇನ್ನೊಂದನ್ನು ಹೇಳುವ ಅನ್ಯೋಕ್ತಿ ಕಾದಂಬರಿಯಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಸ್ನೋಬಾಲ್ ಅಂದರೆ ರಷ್ಯಾ ಕ್ರಾಂತಿಯ ನಾಯಕ ಟ್ರಾಟ್‌ಸ್ಕಿ, ಅವನ ಗಡೀಪಾರು 1929ರಲ್ಲಿ ಎಂದು ಇತಿಹಾಸ ಬರೆದು ಅಲ್ಲಿಗೇ ಕೈತೊಳೆದುಕೊಳ್ಳುವುದು. ಇತಿಹಾಸದಲ್ಲಿ ದೊಡ್ಡದಾದದ್ದು ಕಥೆಯಲ್ಲೂ ಕ್ಲೈಮ್ಯಾಕ್ಸ್ ಆಗಬೇಕೆಂದಿಲ್ಲ. ಮೊದಲು ಕಥೆಯೊಳಗಿನ ಕಾರಣ ಕೊಡಿ, ಇತಿಹಾಸಕ್ಕೆ ಎರಡು ವಾಕ್ಯ ಸಾಕು.

ಆರ್ವೆಲ್ 1946ರಲ್ಲಿ ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಬರೆದ ಪತ್ರವನ್ನು ಯಾರಾದರೂ ಎತ್ತಿದರೆ ಗಾಬರಿಯಾಗಬೇಡಿ. ಹಂದಿಗಳು ಹಾಲು, ಸೇಬುಗಳನ್ನು ತಮಗೇ ಇಟ್ಟುಕೊಂಡದ್ದೇ ಕಥೆಯ ತಿರುವು ಎಂದು ಆತ ಅಲ್ಲಿ ಹೇಳಿದ್ದು ನಿಜ. ಆದರೆ ಆ ಹೊತ್ತಿನಲ್ಲಿ ಪ್ರಾಣಿಗಳು ಪಟ್ಟು ಹಿಡಿದಿದ್ದರೆ ಹಂದಿಗಳನ್ನು ತಡೆಯಬಹುದಿತ್ತು. ಸಭೆ, ಮತ ಎರಡೂ ಇನ್ನೂ ಅವರ ಕೈಯಲ್ಲಿದ್ದವು. ನಾಯಿಗಳು ಬಂದ ಮೇಲೆ ಆ ಅವಕಾಶ ಇಲ್ಲ. ತಿರುವು ಅಲ್ಲಿ, ಕ್ಲೈಮ್ಯಾಕ್ಸ್ ಇಲ್ಲಿ ಎಂದು ಎರಡನ್ನೂ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ಏಳನೇ ಅಧ್ಯಾಯದ ತಪ್ಪೊಪ್ಪಿಗೆ ಮತ್ತು ಕೊಲೆಗಳನ್ನು ಆರಿಸಿದವರ ಉತ್ತರವನ್ನು ನಾನು ತಳ್ಳಿಹಾಕಲಾರೆ. ಭಾವನೆ ತುತ್ತತುದಿಗೇರುವುದು ಅಲ್ಲೇ. ಆದರೆ ಆ ಕೊಲೆಗಳನ್ನು ಮಾಡುವುದೂ ಇವೇ ನಾಯಿಗಳು. ನೀವು ಬರೆದ ಹತ್ತನೇ ಅಧ್ಯಾಯದಲ್ಲಿ ಹೊಸದಾಗಿ ಏನೂ ನಿರ್ಧಾರವಾಗುವುದಿಲ್ಲ. ಆಗಿಹೋದದ್ದು ಕಿಟಕಿಯಾಚೆ ನಿಂತ ಪ್ರಾಣಿಗಳ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಅದನ್ನು ಉಪಸಂಹಾರ ಎಂದು ಕರೆದು ಉತ್ತರದ ಕೊನೆಯ ಪ್ಯಾರಾದಲ್ಲಿ ಇಟ್ಟುಕೊಳ್ಳಿ.